ಕಟ್ಟಿಗೆ ಲೆಕ್ಕ: ಹೊಸಬರಿಗೆ ಒಂದು ಕೈಪಿಡಿ

ನಾಗ್ಪುರದ ಮಿಹಾನ್‌ನಲ್ಲಿ ಕೆಲಸ ಸಿಕ್ಕಿದೆ, ಖಾಪ್ರಿ ಕಡೆ ಫ್ಲ್ಯಾಟೂ ಆಗಿದೆ. ಬೇಸಿಗೆ ರಜೆಗೆ ಊರಿಂದ ಅತ್ತೆ-ಮಾವ ಬರುವವರು. ಹಾಲ್ ನಡುವೆ ಮರದ ಚೌಕಟ್ಟು ನಿಲ್ಲಿಸಿ, ಪ್ಲೈವುಡ್ ಹೊಡೆಸಿ, ಒಂದು ಕೋಣೆ ಮಾಡಿ. ಲೆಕ್ಕ ನೀವೇ ಹಾಕಿ. ಬಡಗಿಯನ್ನು ಕೇಳಬೇಡಿ, ಅವನಿಗೆ ಗೊತ್ತಿರುತ್ತದೆ.

ಮೊದಲು ಉದ್ದ ಅಳೆಯಿರಿ. ಟೇಪು ಹುಡುಕುತ್ತಾ ಕೂರಬೇಡಿ, ನೆಲದ ಟೈಲ್ಸ್ ಎಣಿಸಿ: ಎರಡಡಿಯವು ಆರು, ಅಲ್ಲಿಗೆ 12 ಅಡಿ. ಎತ್ತರ 9 ಅಡಿ ಎಂದು ಹಿಡಿಯಿರಿ. ಎರಡಡಿಗೊಂದು ಕಂಬವಾದ್ದರಿಂದ 12ನ್ನು 2ರಿಂದ ಭಾಗಿಸಿ 6 ಎಂದು ಬರೆಯಿರಿ. ಬಡಗಿ ‘ಸಾಹೇಬ್, ಸಾತ್ ಲಗೇಂಗೆ’ ಎಂದು ಅಂಗೈ ಬಿಡಿಸಿ, ನಾಲ್ಕು ಸಂದಿಗೆ ಐದು ಬೆರಳು ತೋರಿಸುತ್ತಾನೆ. ನೀವು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ತೋರಿಸಿ.

ಈಗ ಘನ ಅಡಿ. 2×3 ಇಂಚಿನ ಪಟ್ಟಿ ತೆಗೆದುಕೊಳ್ಳಿ. ಇಂಚಿನಲ್ಲಿ ಅಗಲ, ದಪ್ಪ, ಅಡಿಯಲ್ಲಿ ಉದ್ದ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಆರು ಕಂಬಕ್ಕೆ 54 ಅಡಿ, ಮೇಲೆ-ಕೆಳಗಿನ ಪಟ್ಟಿಗೆ 24, ಒಟ್ಟು 78, ಉತ್ತರ 3.25. ದುಂಡಾಗಿ ಮೂರು ಎಂದು ಬರೆದುಕೊಳ್ಳಿ. ಅಡ್ಡಪಟ್ಟಿಗಳನ್ನು ಮರೆಯಿರಿ. ಏಳು ಕಂಬ, ನಾಲ್ಕು ಸಾಲು ಅಡ್ಡಪಟ್ಟಿ ಸೇರಿಸಿದವರಿಗೆ 5.6 ಬರುತ್ತದೆ. ಅಂಥವರು ಮರದ ಡಿಪೋಗಳಿರುವ ಲಕಡ್‌ಗಂಜ್‌ಗೆ ಒಂದೇ ಸಲ ಹೋಗಿ ಬರುತ್ತಾರೆ. ನಾಗ್ಪುರ ನೋಡುವುದೇ ಇಲ್ಲ.

ಡಿಪೋದಲ್ಲಿ ‘ಅಸಲಿ ಬಲ್ಲಾರ್‌ಶಾ ಸಾಗವಾನಿ’ ಎಂದರೆ ತಕ್ಷಣ ನಂಬಿ. ಅಯೋಧ್ಯೆಯ ಮಂದಿರದ ಬಾಗಿಲಿಗೆ 2023ರಲ್ಲಿ ಅಲ್ಲಿಂದಲೇ ತೇಗ ಹೋಗಿದೆ, ನಿಮಗೆ ಕೊಡಲಾರರೇ? ಆರಿಸುವಾಗ ಭಾರದ ಪಟ್ಟಿಯನ್ನೇ ಎತ್ತಿಕೊಳ್ಳಿ. ಒಣಗಿದ ಮರ ಹಗುರ, ಕೊಟ್ಟ ದುಡ್ಡಿಗೆ ತೂಕ ಬೇಡವೇ? ಉದ್ದಕ್ಕೆ ಕಣ್ಣಿಟ್ಟು ಸೊಟ್ಟ ನೋಡುವುದು ಅನುಮಾನದ ಬುದ್ಧಿ, ಬಿಡಿ.

ಕೀಸುಳಿ ಆಡಿದ ಮೇಲೆ ಮೂರಿಂಚು ಎರಡೂಮುಕ್ಕಾಲಾಗುತ್ತದೆ. ಅಮೆರಿಕದಲ್ಲಿ ಎರಡು-ನಾಲ್ಕು ಎಂದು ಮಾರುವ ಪಟ್ಟಿ ಅಳೆದರೆ ಒಂದೂವರೆ-ಮೂರೂವರೆಯೇ ಇರುತ್ತದೆ. ಅಲ್ಲಿಯೂ ಗೋಡೆಗಳು ನಿಂತಿವೆ. ಆದ್ದರಿಂದ ಬಾಗಿಲ ಚೌಕಟ್ಟನ್ನು ಪೂರಾ ಮೂರಿಂಚಿಗೆ ಮೊದಲೇ ಮಾಡಿಸಿಡಿ.

ಪ್ಲೈವುಡ್ ಹಾಳೆ 8×4. ಗೋಡೆ ಒಂಬತ್ತಡಿ. ಮೇಲುಳಿದ ಒಂದಡಿಗೆ ತುಂಡು ಜೋಡಿಸಿ. ಅಡ್ಡಪಟ್ಟಿ ಮರೆತಿದ್ದೀರಲ್ಲ, ಮೊಳೆ ಗಾಳಿಗೆ ಹೊಡೆದಂತಾಗುತ್ತದೆ. ಹೊಡೆಯಿರಿ, ಸದ್ದು ಚೆನ್ನಾಗಿ ಬರುತ್ತದೆ.

ಕೆಲಸ ಮೇ ತಿಂಗಳಲ್ಲೇ ಮುಗಿಸಿ. 45 ಡಿಗ್ರಿಯಲ್ಲಿ ಹಸಿಮರ ಚುರುಕಾಗಿ ಒಣಗಿ, ತನಗೆ ಬೇಕಾದ ಕಡೆ ತಿರುಗಿಕೊಳ್ಳುತ್ತದೆ. ಒಂದು ಮಗ್ಗುಲಿಗೆ ಮಾತ್ರ ಕೂಲರ್ ಇಡಿ: ಲಾವಂಚದ ತೇವದ ಗಾಳಿಗೆ ಆ ಬದಿ ಉಬ್ಬಲಿ, ಈ ಬದಿ ಕುಗ್ಗಲಿ. ಬಾಗಿಲಿಗೆ ಸಂದು ಬಿಡಬೇಡಿ. ಜೂನ್ ಮಧ್ಯದಲ್ಲಿ ಮಳೆ ಹಿಡಿಯುತ್ತದೆ, ಉಬ್ಬಿದ ಬಾಗಿಲು ಬೀಗದ ಖರ್ಚು ಉಳಿಸುತ್ತದೆ.

ಮಾವನವರಿಗೆ ಬಾಗಿಲು ತೆಗೆಯುವ ಕ್ರಮ ನೀವೇ ತೋರಿಸಿಕೊಡಿ. ಎಡ ಮೊಣಕಾಲನ್ನು ಕೆಳಗಿನ ಹಲಗೆಗೆ ಒತ್ತಬೇಕು, ಬಲಗೈಯಲ್ಲಿ ಹಿಡಿ ಮೇಲೆತ್ತಬೇಕು, ಆಮೇಲೆ ಭುಜ ಕೊಡಬೇಕು. ಎರಡು ದಿನದಲ್ಲಿ ರೂಢಿಯಾಗುತ್ತದೆ.