ಶಕಟ ಮೀಮಾಂಸೆ

ವಿಷಯ: ಹಳೇ ಕಾರನ್ನು ರಿಪೇರಿ ಮಾಡಿಸಿಕೊಂಡೇ ಓಡಿಸತಕ್ಕದ್ದೋ, ಹೊಸದನ್ನು ಕೊಳ್ಳತಕ್ಕದ್ದೋ? ದೃಷ್ಟಾಂತಕ್ಕೆ ಮಾರುತಿ 800. 1983ರ ಡಿಸೆಂಬರಿನಲ್ಲಿ ಅವತರಿಸಿದ ಇದರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ಮೂರು ಸಿಲಿಂಡರಿನಲ್ಲಿ 796 ಸಿಸಿ ಪ್ರಾಣ ಹಿಡಿದುಕೊಂಡು ಇನ್ನೂ ಬೀದಿಯಲ್ಲಿದೆ. ಹೆಸರಿಗೆ ತಕ್ಕ ಚಿರಂಜೀವಿ.

ಸಂಶಯ: ಇಷ್ಟು ವರ್ಷ ಓಡಿದ ಮೇಲೂ ಅದು ಅದೇ ಕಾರೇ? ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ನಾಗಸೇನ ಭಿಕ್ಷು ಮಿಲಿಂದ ದೊರೆಯನ್ನು ಕೇಳಿದ್ದ. ಜೆ.ಸಿ. ರಸ್ತೆಯಿಂದ ಕ್ಲಚ್ ಪ್ಲೇಟು, ಶಿವಾಜಿನಗರದ ಗುಜರಿಯಿಂದ ಬೇರೆ ಬಣ್ಣದ ಬಾಗಿಲು ತಂದು ಕೂರಿಸಿದ ಬೆಂಗಳೂರಿಗನದೂ ಇದೇ ಪ್ರಶ್ನೆ. ರಥವೆಂಬುದು ಬರೀ ವ್ಯವಹಾರದ ಹೆಸರು ಎಂದು ಭಿಕ್ಷುವಿನ ನಿರ್ಣಯ. ಆರ್‌ಟಿಓ ಇದನ್ನು ಖಂಡಿಸುತ್ತದೆ: ಆತ್ಮ ಉಂಟು, ಅದು ಚಾಸಿಸ್ ನಂಬರಿನಲ್ಲಿದೆ. ಎಂಜಿನ್ ಬದಲಾದರೆ ಆರ್‌ಸಿ ತಿದ್ದಿಸಬಹುದು. ಚಾಸಿಸ್ ನಂಬರ್ ಅಳಿಸಿದರೆ ಠಾಣೆಯಲ್ಲಿ ಉತ್ತರ ಹೇಳಬೇಕು. ಬಾನೆಟ್ ಎತ್ತಿ, ಎಣ್ಣೆಜಿಡ್ಡು ಒರೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಆ ನಂಬರಿನ ಅಚ್ಚು ತೆಗೆಯುವುದೇ ಆತ್ಮಸಾಕ್ಷಾತ್ಕಾರ.

ಪೂರ್ವಪಕ್ಷ: ಹೊಸ ಕಾರಿನವರು ಹೇಳುವುದೇನೆಂದರೆ, ಹಳೇ ಕಾರಿಗೆ ಹೊಗೆಯೇ ಜಾತಕ. ನೈಯಾಯಿಕರು ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸಿ ಸುಮ್ಮನಾದರು. ಗ್ಯಾರೇಜಿನ ಮೇಸ್ತ್ರಿ ಹೊಗೆಯ ಬಣ್ಣ ನೋಡಿ ಬಿಲ್ಲನ್ನೂ ಊಹಿಸಬಲ್ಲ: ಕಪ್ಪಾದರೆ ಕಾರ್ಬುರೇಟರು, ನೀಲಿಯಾದರೆ ಪಿಸ್ಟನ್ ರಿಂಗು, ಎಂಜಿನ್ ಕಾದ ಮೇಲೂ ದಟ್ಟ ಬಿಳಿಯಾಗಿ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟು. ಸಾಲದ್ದಕ್ಕೆ 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ನೆಗೆಯಿತು. ಹಸಿರು ತೆರಿಗೆ ಬೇರೆ. ಕೊನೆಯದಾಗಿ, ಗುದ್ದಿದಾಗ ಕಾಯಲು ಹೊಸದರಲ್ಲಿ ಏರ್‌ಬ್ಯಾಗ್ ಇದೆ. ಹಳೆಯದರಲ್ಲಿ ಡ್ಯಾಶ್‌ಬೋರ್ಡಿನ ಗಣಪತಿ ಒಬ್ಬನೇ.

ಉತ್ತರಪಕ್ಷ: ಹಳೇ ಕಾರಿನವರ ಪ್ರಕಾರ ಹೊಸ ಕಾರಿಗೆ ಷೋರೂಮಿನ ಮುಂದೆ ನಿಂಬೆಹಣ್ಣು ಹತ್ತಿಳಿದ ಗಳಿಗೆಯಿಂದಲೇ ಕ್ಷಯ. ವಿಮೆಯ ಸವಕಳಿ ಪಟ್ಟಿಯೇ ಸಾಕ್ಷಿ: ಆರು ತಿಂಗಳೊಳಗೆ ಶೇ 5, ವರ್ಷದೊಳಗೆ ಶೇ 15, ಐದನೇ ವರ್ಷಕ್ಕೆ ಶೇ 50. ಅದಕ್ಕೂ ಮೊದಲು ಪೆಟ್ರೋಲ್ ಕಾರಿಗೆ ಕರ್ನಾಟಕದಲ್ಲಿ ಬೆಲೆ ನೋಡಿಕೊಂಡು ಶೇ 13ರಿಂದ 18ರವರೆಗೆ ಆಜೀವ ತೆರಿಗೆ. ಹಳೆಯದಕ್ಕೆ ಬೆಲೆಯೇ ಇಲ್ಲವಾದ್ದರಿಂದ ಬೆಲೆ ಇಳಿಯುವ ಭಯವೂ ಇಲ್ಲ. ಹೊಸದು ದಾರಿಯಲ್ಲಿ ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡುವವರು ಬರಬೇಕು. ಹಳೆಯದಾದರೆ ಪ್ಲಗ್ ಬಿಚ್ಚಿ, ಮಸಿ ಕೆರೆದು, ಉಫ್ ಎಂದು ಊದಿ ಹಾಕಿದರೆ ಊರು ಮುಟ್ಟಿಸುತ್ತದೆ.

ಸಿದ್ಧಾಂತ: ಹಳೇ ಕಾರಿನವರು ರಿಪೇರಿ ಖರ್ಚನ್ನು ಕೂಡಿ ನೋಡುವುದಿಲ್ಲ, ಹೊಸ ಕಾರಿನವರು ಸವಕಳಿಯನ್ನು ಕಳೆದು ನೋಡುವುದಿಲ್ಲ. ಕೂಡದ್ದರಿಂದ ಅವರಿಗೆ ಲಾಭ, ಕಳೆಯದ್ದರಿಂದ ಇವರಿಗೆ ಲಾಭ. ಎರಡೂ ಲೆಕ್ಕವನ್ನು ಸರಿಯಾಗಿ ಬರೆದಿಟ್ಟವನು ಬಸ್ಸಿನಲ್ಲಿ ಓಡಾಡುತ್ತಾನೆ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವರ ಹಳೇ ಕಾರು ಚಳಿಗಾಲದಲ್ಲೂ ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಗುವುದು. ಬರೀ ಕೇಳಿಸಿಕೊಂಡವರಿಗೆ ತಳ್ಳಲು ನಾಲ್ಕು ಜನ ಸಿಗುವರು. ಹೊಸ ಕಾರಿನವರು ಪಠಿಸಿದರೆ ಕಂತು ತೀರುವ ತನಕ ಬಂಪರಿಗೆ ಗೀರು ಬೀಳದು.