ಓಮನ ಸೂತ್ರಕ್ಕೆ ಕಡೂರು ಸೀಮೆಯ ಭಾಷ್ಯ

ಬಿ.ಎಲ್. ರೈಸ್ ಅವರು 1901ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 6ನೆಯ ಸಂಪುಟ ಪೂರ್ತಿ ಅಂದಿನ ಕಡೂರು ಜಿಲ್ಲೆಯ ಶಾಸನಗಳದ್ದು. ದತ್ತಿ ಬಿಟ್ಟವರು, ಕೆರೆ ಕಟ್ಟಿಸಿದವರು, ತುರುಗಾಳಗದಲ್ಲಿ ಮಡಿದವರು ಎಲ್ಲರೂ ಅದರಲ್ಲಿದ್ದಾರೆ. ವೋಲ್ಟೇಜಿನ ಸುದ್ದಿ ಮಾತ್ರ ಒಂದಕ್ಷರವೂ ಇಲ್ಲ. ಇದರಿಂದ ಅಂದು ಈ ಸೀಮೆಯಲ್ಲಿ ದಿನದ 24 ಗಂಟೆಯೂ ಕರೆಂಟು ಇರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು. ರೈಸರು ಇನ್ನೊಂದು ವರ್ಷ ತಡೆದಿದ್ದರೂ ಸಂಪುಟಕ್ಕೆ ಹೆಚ್ಚಿನ ಲಾಭವಾಗುತ್ತಿರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹೋದದ್ದು ಕೋಲಾರದ ಚಿನ್ನದ ಗಣಿಗೆ.

ಶಾಸನ ಕೈಕೊಟ್ಟಾಗ ಜಾನಪದಕ್ಕೆ ಮೊರೆಹೋಗುವುದು ಸಂಶೋಧಕರ ರೂಢಿ. ತರೀಕೆರೆಯ ಕೆರೆ ಏರಿಯ ಮೇಲೆ ಮೂರು ಕರಿ ಕುರಿಮರಿಗಳನ್ನು ಮೇಯಲು ಬಿಟ್ಟು ಮಕ್ಕಳ ನಾಲಿಗೆ ತೊಡರಿಸುವ ಮಾತು ಯಾರಿಗೆ ಗೊತ್ತಿಲ್ಲ? ಎರಡಲ್ಲ, ನಾಲ್ಕಲ್ಲ, ಮೂರೇ ಏಕೆ? ತ್ರೀ ಫೇಸ್ ಎಂಬುದು ಸ್ಪಷ್ಟ. ವಿದ್ಯುತ್ ತಂತಿಗಳಿಗೆ ಅಳಿಲು, ಮೊಲ, ನಾಯಿ, ಚಿರತೆ ಎಂದು ಇಂಗ್ಲಿಷಿನಲ್ಲಿ ಪ್ರಾಣಿಗಳ ಹೆಸರಿಟ್ಟಿರುವುದೂ, ಆ ಪಟ್ಟಿಯಲ್ಲಿ ಕುರಿ ಎಂಬ ತಂತಿ ನಿಜಕ್ಕೂ ಇರುವುದೂ ಈ ವಾದಕ್ಕೆ ಬಲ ಕೊಡುತ್ತವೆ. ಇದಕ್ಕೊಂದು ಪೂರ್ವಪಕ್ಷವುಂಟು. ಫೇಸುಗಳ ಬಣ್ಣ ಕೆಂಪು, ಹಳದಿ, ನೀಲಿ. ಕರಿ ಬಣ್ಣ ನ್ಯೂಟ್ರಲಿನದು. ಮೂರೂ ಕರಿಯಾದರೆ ತ್ರೀ ಫೇಸ್ ಹೇಗಾದೀತು? ಸಮಾಧಾನ ಸುಲಭ: ಮೂರು ಫೇಸೂ ಹೋಗಿರುವ ಹೊತ್ತಿನ ವರ್ಣನೆ ಅದು.

ಇನ್ನು ಸೂತ್ರ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಅದರಿಂದಲೇ ಗುಣಿಸಿದರೆ ಪವರು. ಜರ್ಮನಿಯ ಬೀಗ ಮಾಡುವವನ ಮಗ ಗೆಯಾರ್ಗ್ ಓಮ್ ಇದನ್ನು, ಅಂದರೆ ಮೊದಲರ್ಧವನ್ನು, 1827ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದ. ಲಂಡನ್ನಿನ ರಾಯಲ್ ಸೊಸೈಟಿಯ ಪದಕ ಸಿಕ್ಕಿದ್ದು 1841ರಲ್ಲಿ. ಈ ನಡುವೆ ಪಟ್ಟ ಪಾಡಿಗಿಂತ ನಮಗೆ ಮುಖ್ಯವಾದದ್ದು ಅವನ ಪ್ರಯೋಗ. ಮೊದಲು ಬಳಸಿದ ಬ್ಯಾಟರಿಯ ವೋಲ್ಟೇಜು ಒಂದೇ ಸಮ ನಿಲ್ಲದೆ ಲೆಕ್ಕ ಕೆಡಿಸಿತು. ಆಗ ಅವನು ಬಿಸ್ಮತ್ ಮತ್ತು ತಾಮ್ರದ ಜೋಡಿಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಅಲುಗಾಡದ ವೋಲ್ಟೇಜು ಪಡೆದ. ವೋಲ್ಟೇಜು ನಿಂತಿತು, ನಿಯಮ ಹುಟ್ಟಿತು. ಕಡೂರಿನ ತೆಂಗಿನ ತೋಟದಲ್ಲೋ ಅಜ್ಜಂಪುರದ ಈರುಳ್ಳಿ ಹೊಲದಲ್ಲೋ ಕೂತಿದ್ದರೆ ಅವನು ಪ್ರಯೋಗ ಬಿಟ್ಟು ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಕಾಯುತ್ತಿದ್ದ.

ಬೀರೂರು ಜಂಕ್ಷನ್ನಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಕೂಡುದಾಣಕ್ಕೆ ಒಳಬಂದಷ್ಟೇ ಕರೆಂಟು ಹೊರಹೋಗಬೇಕು ಎಂದವನು ಕಿರ್ಕಾಫ್, 1845ರಲ್ಲಿ. ಕಡೂರಿನಿಂದ ಬೀರೂರಿಗೆ ಬಂದ ರೈಲುಗಳು ತರೀಕೆರೆ ಕಡೆಗೂ ಅಜ್ಜಂಪುರದ ಕಡೆಗೂ ಕವಲೊಡೆಯುತ್ತವೆ. ಬೀರೂರಿನಲ್ಲೇ ಇಳಿದುಹೋಗುವವರನ್ನು ಸೋರಿಕೆ ಎಂದು ಬರೆದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಈಗ ಪ್ರಬಂಧದ ತಿರುಳಿಗೆ, ಅಂದರೆ ಪಂಪ್‌ಸೆಟ್ಟಿಗೆ ಬರೋಣ. ಹಳೆಯ 60 ವ್ಯಾಟಿನ ಬಲ್ಬು ವಿನಯವಂತ. 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 0.26 ಆಂಪಿಯರ್, ಭಾಗಿಸಿದರೆ ರೋಧ 880 ಓಮ್ ಚಿಲ್ಲರೆ. ವೋಲ್ಟೇಜು ಇಳಿದರೆ ಕರೆಂಟನ್ನೂ ಇಳಿಸಿಕೊಂಡು ಮಂಕಾಗಿ ಉರಿಯುತ್ತದೆ. ಮೋಟರು ಹಾಗಲ್ಲ. ನೀರೆತ್ತುವ ಕೆಲಸ ಒಪ್ಪಿಕೊಂಡ ಮೇಲೆ ವೋಲ್ಟು ಕಮ್ಮಿಯಾದಷ್ಟನ್ನು ಆಂಪಿಯರಿನಲ್ಲಿ ವಸೂಲು ಮಾಡುತ್ತದೆ. 5 ಹೆಚ್‌ಪಿ ಮೋಟರು 415 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ ಎನ್ನಿ. ಟೀಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಒಂದು ಕಿಲೋಮೀಟರ್ ದೂರದಲ್ಲಿ ಇಂಥ 10 ಮೋಟರು. ಮೊಲದ ಹೆಸರಿನ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.55 ಓಮ್. 80 ಆಂಪಿಯರಿಗೆ ಫೇಸಿಗೆ 44 ವೋಲ್ಟು ದಾರಿಯಲ್ಲೇ ಮಾಯ. ಎರಡು ಫೇಸಿನ ನಡುವೆ ನೋಡಿದರೆ 76. ಉಳಿದದ್ದು 339. ವೋಲ್ಟು ಇಳಿಯಿತೆಂದು ಮೋಟರು ಇನ್ನಷ್ಟು ಕರೆಂಟು ಎಳೆಯುತ್ತದೆ, ಕರೆಂಟು ಏರಿತೆಂದು ತಂತಿ ಇನ್ನಷ್ಟು ವೋಲ್ಟು ನುಂಗುತ್ತದೆ. ಈ ಹಗ್ಗಜಗ್ಗಾಟ ಕೊನೆಗೆ 314ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಜೂಲ್ ಹೇಳಿದಂತೆ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಕಾಯಿಲ್ಲು ಮುಕ್ಕಾಲು ಪಾಲು ಹೆಚ್ಚು ಬಿಸಿ ಉಣ್ಣುತ್ತದೆ. ಇದರ ಮುಂದಿನ ವ್ಯಾಖ್ಯಾನ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ.

ಪ್ರಬಂಧಕಾರನು ಅಷ್ಟಕ್ಕೇ ಬಿಡದೆ ಮೋಟರುಗಳನ್ನು ಒಂದೊಂದಾಗಿ ಸೇರಿಸುತ್ತ ಹೋದ. 13ನೆಯದಕ್ಕೆ ಸುಮಾರು 250 ವೋಲ್ಟು ಉಳಿಯಿತು. 14ನೆಯದನ್ನು ಸೇರಿಸಿದಾಗ ಋಣಸಂಖ್ಯೆಯ ವರ್ಗಮೂಲ ಎದುರಾಯಿತು. ಅಂದರೆ ಆ ಲೈನಿನ ವೋಲ್ಟೇಜು ಗಣಿತದ ಪ್ರಕಾರವೇ ಕಾಲ್ಪನಿಕ. ಲೈನಿನ ಕೊನೆಯ ತೋಟದವರು ಹಿಂದಿನಿಂದಲೂ ಹೇಳಿಕೊಂಡು ಬಂದದ್ದು ಇದನ್ನೇ. ಕಾಗದದ ಮೇಲೆ ಸಾಬೀತಾದದ್ದು ಈಗ. ಕಾಗದದಲ್ಲಿ ವರ್ಗಮೂಲ ಕೈಕೊಡುವ ಹೊತ್ತಿಗೆ ಅಲ್ಲಿ ಟೀಸಿಯ ಫ್ಯೂಸು ಹೋಗಿರುತ್ತದೆ.

10 ಹೆಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲವಾದ್ದರಿಂದ ಪವರಿನ ಗುಣಾಕಾರವನ್ನು ಯಾರೂ ಮಾಡುವುದಿಲ್ಲ. ಭಾಗಾಕಾರ ಮಾತ್ರ ನಿತ್ಯ ನಡೆಯುತ್ತದೆ: ಇರುವ ವೋಲ್ಟೇಜನ್ನು ಎಲ್ಲರೂ ಭಾಗ ಹಾಕಿಕೊಳ್ಳುವುದು. ನೀರು ಸಾಲದೆಂದು ಒಬ್ಬರು 5ರ ಜಾಗದಲ್ಲಿ 7.5 ಹೆಚ್‌ಪಿ ಇಳಿಸಿದರೆ ಪಕ್ಕದವರಿಗೆ 10 ಬೇಕಾಗುತ್ತದೆ. ಇದಕ್ಕೆ ಓಮನನ್ನು ಹೊಣೆ ಮಾಡುವುದು ನ್ಯಾಯವಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ. ಮೋಟರಿಗೆ ಕೆಪಾಸಿಟರ್ ಹಾಕಿಸಿ, ತಂತಿಯಲ್ಲಿ ಹರಿಯುವ ಕರೆಂಟು ಇಳಿಯುತ್ತದೆ. ತ್ರೀ ಫೇಸ್ ಬಂದ ಕೂಡಲೇ ಎಲ್ಲರ ಆಟೋ ಸ್ಟಾರ್ಟರೂ ಒಟ್ಟಿಗೆ ಎದ್ದರೆ ಪ್ರತಿ ಮೋಟರೂ ಐದಾರು ಪಟ್ಟು ಕರೆಂಟು ಬೇಡುತ್ತದೆ. ಪಕ್ಕದ ತೋಟದವರು ಹಾಕಿ ಐದು ನಿಮಿಷ ಕಳೆದ ಮೇಲೆ ನಿಮ್ಮದನ್ನು ಹಾಕಿ. ಪಕ್ಕದ ತೋಟದವರೂ ಈ ಪ್ರಬಂಧ ಓದಿರುವ ಸಂಭವವಿದ್ದರೆ ಮೊದಲೇ ಮಾತಾಡಿಕೊಳ್ಳಿ.