ನಕ್ಷತ್ರಿಕನಿಗೆ ಹಾರ್ವರ್ಡಿನಲ್ಲಿ ಜಾಗ

ವಿಶ್ವವಿದ್ಯಾಲಯಕ್ಕೆ ತಮ್ಮ ಹೆಸರಿಡಿಸಬೇಕೆಂಬ ಆಸೆಯಿದ್ದವರು 1718ರ ಹೊತ್ತಿಗೇ ಹುಟ್ಟಿರಬೇಕಿತ್ತು. ಆಗ ಎಲ್ಲ ಅಗ್ಗ. ಎಲಿಹು ಯೇಲ್ ಎಂಬಾತ ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದ. ಕಂಪನಿಯ ಕುರ್ಚಿಯಲ್ಲಿ ಕೂತು ಸ್ವಂತ ಗಂಟು ಕಟ್ಟಿಕೊಂಡ ಆರೋಪ ಬಂದು 1692ರಲ್ಲಿ ಆ ಕುರ್ಚಿ ಹೋಯಿತು, ಗಂಟು ಉಳಿಯಿತು. ಮುಂದೆ ಅದರಲ್ಲಿ ಸ್ವಲ್ಪ ಬಿಚ್ಚಿ, ಅಮೆರಿಕದ ಕನೆಕ್ಟಿಕಟ್ಟಿನ ಬಡ ಕಾಲೇಜೊಂದಕ್ಕೆ ಒಂಬತ್ತು ಮೂಟೆ ಸರಕು, 417 ಪುಸ್ತಕ, ಜೊತೆಗೊಂದು ರಾಜನ ಚಿತ್ರಪಟ ಕಳಿಸಿದ. ಸರಕು ಮಾರಿದಾಗ ಬಂದದ್ದು 562 ಪೌಂಡು. ಕಾಲೇಜಿನವರು ಹಿಗ್ಗಿ ಹೀರೇಕಾಯಾಗಿ ಇಡೀ ಸಂಸ್ಥೆಗೇ ಅವನ ಹೆಸರಿಟ್ಟರು. ಆತ ಅಲ್ಲಿ ಓದಿದವನಲ್ಲ, ಆ ಕಟ್ಟಡವನ್ನು ಕಣ್ಣಾರೆ ಕಂಡವನೂ ಅಲ್ಲ.

ಈಗ ಆ ದರಕ್ಕೆ ಕಿಟಕಿಗೂ ಹೆಸರು ಬರೆಸಲಾಗದು. 2015ರಲ್ಲಿ ಹಾರ್ವರ್ಡಿನ ಹಳೆಯ ವಿದ್ಯಾರ್ಥಿ ಜಾನ್ ಪಾಲ್ಸನ್ 40 ಕೋಟಿ ಡಾಲರ್ ಕೊಟ್ಟರೂ ಸಿಕ್ಕಿದ್ದು ಎಂಜಿನಿಯರಿಂಗ್ ವಿಭಾಗ ಮಾತ್ರ. ಅಮೆರಿಕದ ಜನ ಮನೆಸಾಲ ತೀರಿಸಲಾರರು ಎಂದು ಪಣ ಕಟ್ಟಿ 2007ರಲ್ಲಿ ಗೆದ್ದವರು ಇವರು. ಆ ಗೆಲುವಿನ ಪುಣ್ಯ ಈಗ ಮಕ್ಕಳಿಗೆ ವಿದ್ಯೆಯಾಗಿ ಒದಗುತ್ತಿದೆ. ಮನೆ ಕಳಕೊಂಡವರ ಮಕ್ಕಳಿಗೆ ಅಂತಲ್ಲ, ಒಟ್ಟಾರೆ ಮಕ್ಕಳಿಗೆ. 2023ರಲ್ಲಿ ಅಲ್ಲೇ ಓದಿದ ಕೆನೆತ್ ಗ್ರಿಫಿನ್ 30 ಕೋಟಿ ಡಾಲರ್ ಕೊಟ್ಟು ಸ್ನಾತಕೋತ್ತರ ಕಲೆ, ವಿಜ್ಞಾನ ಶಾಲೆಗೆ ತಮ್ಮ ಹೆಸರು ಬರೆಸಿದರು. ಅಲ್ಲಿನ ಕಾನೂನು ಶಾಲೆಯಲ್ಲಿ ಗಂಡಸರ ಶೌಚಾಲಯಕ್ಕೂ ದಾನಿಯೊಬ್ಬರ ಹೆಸರಿದೆ. ನಿತ್ಯ ನೆನೆಸಿಕೊಳ್ಳುವವರ ಸಂಖ್ಯೆ ನೋಡಿದರೆ ಜಾಣತನದ ಖರ್ಚು ಇದೊಂದೇ ಅನ್ನಿಸುತ್ತದೆ.

ಇಷ್ಟೆಲ್ಲ ಸುರಿಯುತ್ತಿರುವುದು ಯಾವ ಅನಾಥನ ಜೋಳಿಗೆಗೆ? 2024ರ ಲೆಕ್ಕದಂತೆ ಹಾರ್ವರ್ಡಿನ ದತ್ತಿನಿಧಿ 5,300 ಕೋಟಿ ಡಾಲರ್ ದಾಟಿತ್ತು, ನಮ್ಮ ದುಡ್ಡಿನಲ್ಲಿ ಹೆಚ್ಚುಕಡಿಮೆ ನಾಲ್ಕೂವರೆ ಲಕ್ಷ ಕೋಟಿ ರೂಪಾಯಿ. ಕರ್ನಾಟಕ ಸರ್ಕಾರದ 2025–26ರ ಬಜೆಟ್ 4 ಲಕ್ಷ 9 ಸಾವಿರ ಕೋಟಿ. ಇಷ್ಟರಲ್ಲಿ ನಾವು ಗೃಹಲಕ್ಷ್ಮಿ, ಶಕ್ತಿ, ಆಸ್ಪತ್ರೆ, ಸಂಬಳ, ಪಿಂಚಣಿ, ರಸ್ತೆ, ಆ ರಸ್ತೆಯ ಗುಂಡಿ ಎಲ್ಲವನ್ನೂ ಸಾಕಬೇಕು. ಅವರು ಸಾಕಬೇಕಾದದ್ದು ಇಪ್ಪತ್ತೈದು ಸಾವಿರದ ಆಸುಪಾಸು ಹುಡುಗ ಹುಡುಗಿಯರನ್ನು. ವರ್ಷಕ್ಕೆ ನೂರಕ್ಕೆ ಐದರಷ್ಟು ತೆಗೆದು ಖರ್ಚು ಮಾಡಿ, ಉಳಿದದ್ದನ್ನು ಮರಿ ಹಾಕಲು ಬಿಟ್ಟು, ಮತ್ತೆ ತಟ್ಟೆ ಹಿಡಿದು ಹೊರಡುತ್ತಾರೆ.

ಈ ತಟ್ಟೆ ಹಿಡಿಯುವ ಕಚೇರಿಗೆ ಅಲ್ಲಿ ಅಭಿವೃದ್ಧಿ ವಿಭಾಗ ಎನ್ನುತ್ತಾರೆ. ನಮಗೆ ಅರ್ಥವಾಗುವಂತೆ ಹೇಳುವುದಾದರೆ ನಕ್ಷತ್ರಿಕ. ರಾಜ್ಯವನ್ನೆಲ್ಲ ಧಾರೆಯೆರೆದು ಉಟ್ಟಬಟ್ಟೆಯಲ್ಲಿ ಹೊರಟ ಹರಿಶ್ಚಂದ್ರನ ಬೆನ್ನಿಗೆ ಬಾಕಿ ವಸೂಲಿಗೆಂದು ವಿಶ್ವಾಮಿತ್ರ ಬಿಟ್ಟಿದ್ದನಲ್ಲ, ಅವನೇ. ಪದವಿ ಪಡೆದವನು ಊರು ಬಿಡಲಿ, ದೇಶ ಬಿಡಲಿ, ಪತ್ರ ಬರುತ್ತದೆ, ಫೋನು ಬರುತ್ತದೆ, ಹಾಸ್ಟೆಲಿನ ಹಳೇ ಫೋಟೋ ಬರುತ್ತದೆ. ಓದಲು ಮಾಡಿದ ಸಾಲ ಇನ್ನೂ ತೀರದವನನ್ನೂ ಬಿಡುವುದಿಲ್ಲ, ಐದೇ ಡಾಲರ್ ಕೊಡಿ ಎನ್ನುತ್ತಾರೆ. ಐದಕ್ಕೂ ಬೆಲೆಯಿತ್ತು ಅನ್ನಿ: ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಕೊಟ್ಟರು ಎಂಬುದಕ್ಕೆ ಅಲ್ಲಿನ ಹೆಸರುವಾಸಿ ಕಾಲೇಜು ರ‍್ಯಾಂಕಿಂಗಿನಲ್ಲಿ 2023ರವರೆಗೂ ಅಂಕವಿತ್ತು. ಐದು ಕೊಟ್ಟವನೂ ಒಬ್ಬ, ಐದು ಕೋಟಿ ಕೊಟ್ಟವನೂ ಒಬ್ಬ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಓದಿದ ಮೈಕೆಲ್ ಬ್ಲೂಮ್‌ಬರ್ಗ್ 1965ರಲ್ಲಿ ಕೊಟ್ಟ ಮೊದಲ ದೇಣಿಗೆ ಐದೇ ಡಾಲರ್. ನಕ್ಷತ್ರಿಕ ಬೆನ್ನು ಬಿಡಲಿಲ್ಲ. 2018ರಲ್ಲಿ ಅವರೇ 180 ಕೋಟಿ ಡಾಲರ್ ಕೊಟ್ಟರು. ಇದಿಷ್ಟೂ ಬಡ ವಿದ್ಯಾರ್ಥಿಗಳ ನೆರವಿಗೆ ಎಂದಿದ್ದರಿಂದ ಇಲ್ಲಿ ನನ್ನ ನಾಲಿಗೆಗೆ ಕೆಲಸವಿಲ್ಲ.

ಕೆಲಸವಿರುವುದು ಸೀಟಿನ ವಿಷಯದಲ್ಲಿ. ನಮ್ಮಲ್ಲಿ ಡೊನೇಷನ್ ಕಟ್ಟಿಸಿಕೊಂಡು ಸೀಟು ಕೊಡುವುದು 1984ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಕ್ಯಾಶಿನಲ್ಲಿ ಕೊಡುತ್ತೇವೆ, ರಸೀದಿ ಕೇಳುವುದಿಲ್ಲ. ಅಲ್ಲಿ ರಸೀದಿ ಉಂಟು, ತೆರಿಗೆ ವಿನಾಯಿತಿ ಉಂಟು, ಗೋಡೆ ಮೇಲೆ ಫಲಕ ಉಂಟು. ಮಗನ ಸೀಟು ಬೇರೆ ಲಕೋಟೆಯಲ್ಲಿ ಬರುತ್ತದೆ, ಎರಡಕ್ಕೂ ಸಂಬಂಧವಿಲ್ಲ. 2018ರಲ್ಲಿ ಬಾಸ್ಟನ್ನಿನ ಕೋರ್ಟಿನಲ್ಲಿ ಮೊಕದ್ದಮೆಯೊಂದು ನಡೆದು ಹಾರ್ವರ್ಡಿನ ಪ್ರವೇಶದ ಕಡತ ಬಿಚ್ಚಿದಾಗ ಗೊತ್ತಾದದ್ದು: ಅಲ್ಲೇ ಓದಿದವರ ಮಕ್ಕಳಿಗೆ ಮೂವರಲ್ಲಿ ಒಬ್ಬರಿಗೆ ಸೀಟು, ಉಳಿದವರಿಗೆ ನೂರಕ್ಕೆ ಆರು. ದಾನಿಗಳ ಕಡೆಯವರಿಗೆಂದೇ ಡೀನರ ಬಳಿ ಬೇರೆ ಪಟ್ಟಿ. ಅದೇ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ, ಜನಾಂಗ ನೋಡಿ ಸೀಟು ಕೊಡಬಾರದೆಂದು 2023ರಲ್ಲಿ ತೀರ್ಪಾಯಿತು. ಅಪ್ಪನನ್ನು ನೋಡಿ ಕೊಡಬಾರದೆಂದು ತೀರ್ಪಾಗಲಿಲ್ಲ.

ನಮ್ಮವರೂ ಹಿಂದೆ ಬಿದ್ದಿಲ್ಲ. ಟಾಟಾ ಸಮೂಹ 2010ರಲ್ಲಿ ಹಾರ್ವರ್ಡಿನ ಬಿಸಿನೆಸ್ ಶಾಲೆಗೆ ಐದು ಕೋಟಿ ಡಾಲರ್ ಕೊಟ್ಟಿತು. ಅದೇ ವರ್ಷ, ಇನ್ಫೋಸಿಸ್ ನಾರಾಯಣಮೂರ್ತಿಯವರ ಮಗ ರೋಹನ್ ಮೂರ್ತಿ ಅಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಮೂರ್ತಿ ಕುಟುಂಬ ಹಾರ್ವರ್ಡಿನ ಪ್ರಕಾಶನಕ್ಕೆ 52 ಲಕ್ಷ ಡಾಲರ್ ಕೊಟ್ಟು ಭಾರತದ ಹಳೆಯ ಕಾವ್ಯಗಳನ್ನು ಇಂಗ್ಲಿಷಿನೊಂದಿಗೆ ಅಚ್ಚು ಹಾಕಿಸುವ ಮಾಲೆಯೊಂದಕ್ಕೆ ನಾಂದಿ ಹಾಡಿತು. ಒಳ್ಳೆಯ ಕೆಲಸ, ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. 2017ರಲ್ಲಿ ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ ರಾಘವಾಂಕನ ಹರಿಶ್ಚಂದ್ರನೂ ಈ ಮಾಲೆಯಲ್ಲಿ ಬಂದ. ಹಂಪೆಯ ಕವಿಯ ನಕ್ಷತ್ರಿಕ ಹೀಗೆ ದಾನದ ದುಡ್ಡಿನಲ್ಲೇ ತನ್ನ ಹೆಡ್ಡಾಫೀಸಿಗೆ ಹೋಗಿ ಸೇರಿಕೊಂಡ.

ಈ ಕಡೆ 2025ರ ಫೆಬ್ರುವರಿಯಲ್ಲಿ ನಮ್ಮ ಸಚಿವ ಸಂಪುಟ ಉಪಸಮಿತಿ, ನಡೆಸಲು ದುಡ್ಡಿಲ್ಲವೆಂದು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. ಹಾವೇರಿ, ಕೊಪ್ಪಳ, ಹಾಸನ ಆ ಸಾಲಿನಲ್ಲಿದ್ದವು. ಇವುಗಳ ತಪ್ಪೂ ಇದೆ. ಹೆಸರಲ್ಲೇ ಜಿಲ್ಲೆ ತುಂಬಿಕೊಂಡು ಕೂತರೆ ದಾನಿಗೆ ಜಾಗವೆಲ್ಲಿ?

ಹೆಸರೇ ಬೇಡವೆಂದವರೂ ಇದ್ದಾರೆ. 2024ರಲ್ಲಿ ರೂತ್ ಗಾಟ್ಸ್‌ಮನ್ ಎಂಬ ವೃದ್ಧೆ ನ್ಯೂಯಾರ್ಕಿನ ಬಡ ಬಡಾವಣೆ ಬ್ರಾಂಕ್ಸ್‌ನಲ್ಲಿರುವ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿಗೆ ನೂರು ಕೋಟಿ ಡಾಲರ್ ಕೊಟ್ಟು ಎಲ್ಲರ ಫೀಸನ್ನೂ ಮನ್ನಾ ಮಾಡಿಸಿದರು. ಅವರು ಅಲ್ಲಿ ಓದಿದವರಲ್ಲ, ಪಾಠ ಹೇಳಿದವರು. ಕಾಲೇಜಿನ ಹೆಸರು ಬದಲಿಸಕೂಡದು ಎಂದು ಷರತ್ತು ಬೇರೆ ಹಾಕಿದರು. ಬಿಡಿಗಾಸು ಬಿಚ್ಚದ ಐನ್‌ಸ್ಟೈನ್ ಬಚಾವಾದರು.